ಮನೆ ಕಂಪ್ಯೂಟರ್ ಅಪ್‌ಡೇಟ್ ಆಗಿ ಸೇಫಾಗಿರ್ಬೇಕು ಅಂದ್ರೆ: ಮಲೆನಾಡಿನ ಕರೆಂಟು, ನೆಟ್‌ವರ್ಕ್ ಇಟ್ಕೊಂಡೇ ಮಾಡ್ಬಹುದಾದ ಕೆಲಸಗಳು

ಮೂಡಿಗೆರೆ ಹತ್ರ ನಮ್ಮ ಚಿಕ್ಕಪ್ಪಂದು ಕಾಫಿ ತೋಟ ಇದೆ. 2021ರ ಜುಲೈ, ಮಳೆ ಹಿಡಿದು ನಾಲ್ಕು ದಿನ ಆಗಿತ್ತು, ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ "ಮಗ, ಕಂಪ್ಯೂಟರಲ್ಲಿ ಯಾವ ಫೈಲೂ ಓಪನ್ ಆಗ್ತಿಲ್ಲ ಕಣೋ, ಎಲ್ಲದರ ಹೆಸರೂ ಒಂಥರಾ ಆಗಿದೆ" ಅಂದ್ರು. ಚಿಕ್ಕಮಗಳೂರಿಂದ ಹೋಗಿ ನೋಡ್ತೀನಿ, ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥ ಇಲ್ಲದ ನಾಲ್ಕು ಅಕ್ಷರ ಅಂಟ್ಕೊಂಡಿದೆ, ಪ್ರತಿ ಫೋಲ್ಡರಲ್ಲೂ ರೀಡ್‌ಮಿ ಅಂತ ಒಂದು ನೋಟ್‌ಪ್ಯಾಡ್ ಫೈಲ್. ಅದರಲ್ಲಿ ನಿಮ್ಮ ಫೈಲೆಲ್ಲ ಲಾಕ್ ಮಾಡಿದೀವಿ, 980 ಡಾಲರ್ ಕೊಡಿ, 72 ಗಂಟೆ ಒಳಗೆ ಬಂದ್ರೆ ಅರ್ಧ ರೇಟು, 490 ಡಾಲರ್ ಅಂತ ಬರ್ದಿತ್ತು. ಆಳುಗಳ ಹಾಜರಿ, ವಾರದ ಬಟವಾಡೆ ಲೆಕ್ಕ, ತಂಗಿ ಮದುವೆ ಫೋಟೋ, ಚಿಕ್ಕಪ್ಪ ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು ಸೆಂಟ್ ಲೆಕ್ಕದಲ್ಲಿ ಟೈಪ್ ಮಾಡಿಟ್ಟಿದ್ದ ಎಕ್ಸೆಲ್ ಶೀಟು, ಎಲ್ಲ ಹೋಯ್ತು. ಬ್ಯಾಕಪ್ ಇರ್ಲಿ ಅಂತ ನಾನೇ ಒಂದು ಹಾರ್ಡ್ ಡಿಸ್ಕ್ ತಂದ್ಕೊಟ್ಟಿದ್ದೆ, ಆದ್ರೆ ಅದನ್ನ ಸಿಪಿಯು ಹಿಂದೆ ಯಾವಾಗ್ಲೂ ಚುಚ್ಚೇ ಇಟ್ಟಿದ್ರು, ಅದರೊಳಗಿನ ಫೈಲಿಗೂ ಅದೇ ನಾಲ್ಕು ಅಕ್ಷರ.

ಕಾರಣ ಹುಡುಕಿದ್ರೆ, ಎರಡು ದಿನ ಮುಂಚೆ ತೋಟದ ರೈಟ್ರು (ಲೆಕ್ಕ ಬರೆಯೋರು) ಪಿಡಿಎಫ್ ತಿದ್ದೋ ಸಾಫ್ಟ್‌ವೇರಿನ ಕ್ರ್ಯಾಕ್, ಅಂದ್ರೆ ದುಡ್ಡು ಕೊಡದೆ ಓಡಿಸೋ ಕಳ್ಳ ಪ್ರತಿ ಇಳಿಸಿದ್ರು. ಇನ್‌ಸ್ಟಾಲ್ ಮಾಡೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಕೇಳಿದೆ, ಅವರೂ ಮಾಡಿದಾರೆ. ಅವರ ತಪ್ಪು ಅಂತ ನಾನು ಹೇಳಲ್ಲ, ಯಾರೂ ಅವರಿಗೆ ಬೇಡ ಅಂತ ಹೇಳೇ ಇರ್ಲಿಲ್ಲ. ಅವತ್ತಿಂದ ನಮ್ಮ ನೆಂಟರು, ಅಕ್ಕಪಕ್ಕದ ತೋಟದವರು ಯಾರು ಕರೆದ್ರೂ ಹೋಗಿ ಕೂತು ಈ ಕೆಳಗಿನದನ್ನ ಇದೇ ಕ್ರಮದಲ್ಲಿ ಮಾಡ್ಕೊಡ್ತೀನಿ. ಇದು ವಿಂಡೋಸ್ ಇಟ್ಕೊಂಡಿರೋರಿಗೆ, ನಮ್ಮ ಕಡೆ ಹೆಚ್ಚಿನ ಮನೇಲಿ ಇರೋದು ಅದೇ.

ಒಂದ್ ಮಾತು ಮೊದಲೇ ತಲೇಲಿರ್ಲಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋದು ಮಳೆ ಹಿಡಿಯೋಕೆ ಮುಂಚೆ. ಕೊಳೆರೋಗ ಬಂದ್ಮೇಲೆ ಗೊನೆ ಪೂರ್ತಿ ಉಳಿಸ್ಕೊಳ್ಳೋಕಾಗಲ್ಲ. ಅಪ್‌ಡೇಟೂ ಹಂಗೆ. 2017ರ ಮೇ 12ರಿಂದ ಕೆಲವೇ ದಿನದಲ್ಲಿ ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) 150ಕ್ಕೂ ಹೆಚ್ಚು ದೇಶದಲ್ಲಿ ಎರಡು ಲಕ್ಷಕ್ಕೂ ಮೇಲೆ ಕಂಪ್ಯೂಟರ್ ಲಾಕ್ ಮಾಡ್ತು, ಇಂಗ್ಲೆಂಡಿನಲ್ಲಿ ಎಷ್ಟೋ ಆಸ್ಪತ್ರೆಗಳ ಅಪಾಯಿಂಟ್‌ಮೆಂಟ್, ಆಪರೇಶನ್ ನಿಂತೋದ್ವು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಬಿಟ್ಟಿದ್ದು ಅದೇ ವರ್ಷ ಮಾರ್ಚ್ 14ಕ್ಕೆ. 59 ದಿನ ಟೈಮ್ ಇತ್ತು. ಸಿಕ್ಕಿಬಿದ್ದದ್ದರಲ್ಲಿ ಹೆಚ್ಚಿನವು ವಿಂಡೋಸ್ 7, ಅದಕ್ಕೆ ಮಾರ್ಚಲ್ಲೇ ತೇಪೆ ಬಂದಿತ್ತು, ಹಾಕ್ಕೊಂಡಿರ್ಲಿಲ್ಲ ಅಷ್ಟೇ.

ಮೊದಲು ನಿಮ್ಮ ಹತ್ರ ಇರೋದು ಯಾವ ವಿಂಡೋಸ್ ನೋಡ್ಕೊಳ್ಳಿ

ಸ್ಟಾರ್ಟ್ ಬಟನ್ ಒತ್ತಿ, ಇಂಗ್ಲಿಷಲ್ಲಿ ವಿನ್‌ವರ್ (winver) ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಒಂದು ಸಣ್ಣ ಡಬ್ಬಿ ಬರುತ್ತೆ, ಅದರಲ್ಲಿ 10 ಅಥವಾ 11 ಅಂತ, ಕೆಳಗೆ ವರ್ಷನ್ ನಂಬರ್ ಇರುತ್ತೆ. ಅದನ್ನ ಒಂದು ಚೀಟೀಲಿ ಬರ್ಕೊಳ್ಳಿ.

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ, 8.1ಕ್ಕೆ 2023ರ ಜನವರಿ 10ಕ್ಕೆ. ಕ್ರೋಮ್ ಕೂಡ ಅವೆರಡನ್ನೂ 2023ರಲ್ಲೇ ಕೈಬಿಟ್ಟಿದೆ. ಅವುಗಳಲ್ಲಿ ಬ್ಯಾಂಕ್ ಕೆಲಸ ಮಾಡ್ಲೇಬೇಡಿ, ದಯವಿಟ್ಟು. ಟೈಪಿಂಗಿಗೆ, ಹಾಡು ಕೇಳೋಕೆ ನೆಟ್ ಕಿತ್ತು ಇಟ್ಕೊಳ್ಳಿ ಬೇಕಾದ್ರೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ಮುಗೀತು. ಆದ್ರೆ ಮನೆ ಬಳಕೆಯವರಿಗೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರ ತನಕ ಕೊಡೋ ವ್ಯವಸ್ಥೆ ಇದೆ, ಅದಕ್ಕೆ ನಾವೇ ಹೆಸರು ನೋಂದಾಯಿಸ್ಕೋಬೇಕು, ತಾನಾಗೇ ಬರಲ್ಲ, ಇದು ಸುಮಾರು ಜನಕ್ಕೆ ಗೊತ್ತಿಲ್ಲ. ವರ್ಷನ್ 22ಎಚ್2 ಇರ್ಬೇಕು. ಸೆಟ್ಟಿಂಗ್ಸ್ ಒಳಗೆ ಅಪ್‌ಡೇಟ್ ಆಂಡ್ ಸೆಕ್ಯುರಿಟಿ, ಅಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ನೌ ಅಂತ ಲಿಂಕ್ ಕಾಣುತ್ತೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಬೇಡ, ಇಲ್ಲ ಅಂದ್ರೆ 30 ಡಾಲರ್ ಕಟ್ಟಬೇಕು.

11ಕ್ಕೆ ಹೋಗೋಕೆ ಆಗುತ್ತಾ ಅಂತ ತಿಳ್ಕೊಳ್ಳೋಕೆ ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಅನ್ನೋ ಆಪ್ ಇದೆ. ಸ್ಥೂಲವಾಗಿ ಇಂಟೆಲ್ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು. ಟಿಪಿಎಂ ಇಲ್ಲ ಅಂತ ತೋರಿಸಿದ್ರೆ ಆಸೆ ಬಿಡ್ಬೇಡಿ, ಸುಮಾರು ಬೋರ್ಡಲ್ಲಿ ಅದು ಇರುತ್ತೆ, ಬಯೋಸಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ತೆಗೆಯೋ ಸೆಟ್ಟಿಂಗಲ್ಲಿ) ಆಫ್ ಆಗಿರುತ್ತೆ, ಇಂಟೆಲ್ ಬೋರ್ಡಲ್ಲಿ ಪಿಟಿಟಿ ಅಂತ, ಎಎಂಡಿ ಬೋರ್ಡಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತೆ, ಆನ್ ಮಾಡಿದ್ರೆ ಆಯ್ತು. ನಮ್ಮ ಅತ್ತೆ ಮನೇಲಿ ಹೊಸ ಕಂಪ್ಯೂಟರೇ ತಗೋಬೇಕು ಅಂತ ಅಂಗಡಿಯವರು ಹೇಳಿದ್ದು, ಐದು ನಿಮಿಷದಲ್ಲಿ ಇದೊಂದು ಆನ್ ಮಾಡಿ ಸರಿ ಹೋಯ್ತು.

ತೀರಾ ಹಳೇ ಮೆಷಿನ್ ಆಗಿದ್ರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕ್ಸಿ. ಬ್ರೌಸರ್, ಮೇಲ್, ಲೆಕ್ಕದ ಶೀಟು, ವಿಡಿಯೋ ಇಷ್ಟೇ ಕೆಲಸ ಅಂದ್ರೆ ಏನೂ ಕಡಿಮೆ ಆಗಲ್ಲ, ಅಪ್‌ಡೇಟೂ ಫ್ರೀ. ಟ್ಯಾಲಿ ಬೇಕೇಬೇಕು ಅನ್ನೋರಿಗೆ ಮಾತ್ರ ವಿಂಡೋಸ್ ಬಿಡೋದು ಕಷ್ಟ.

11 ಇದ್ರೂ ಪೂರ್ತಿ ನಿಶ್ಚಿಂತೆ ಅಲ್ಲ, ಮನೆ ಬಳಕೆಯ ಒಂದೊಂದು ವರ್ಷನ್‌ಗೆ ಎರಡೇ ವರ್ಷ ಅಪ್‌ಡೇಟ್. 23ಎಚ್2ಗೆ 2025ರ ನವೆಂಬರಲ್ಲೇ ಮುಗಿದಿದೆ. ಚೀಟೀಲಿ ಅದೇ ನಂಬರ್ ಇದ್ರೆ ಮುಂದಿನ ವರ್ಷನ್‌ಗೆ ಹೋಗಿ.

ಕರೆಂಟು ಹೋಗೋ ಊರಲ್ಲಿ ವಿಂಡೋಸ್ ಅಪ್‌ಡೇಟ್ ಹೆಂಗೆ ಮಾಡೋದು

ಬೆಂಗಳೂರಿನವರು ಬರೆದಿರೋದ್ರಲ್ಲಿ ಈ ಭಾಗ ಇರಲ್ಲ, ನಮಗೆ ಇದೇ ಮುಖ್ಯ. ಇಲ್ಲಿ ಜುಲೈ ಆಗಸ್ಟಲ್ಲಿ ಲೈನ್ ಮೇಲೆ ಮರ ಬಿದ್ರೆ ಎರಡು ಮೂರು ದಿನ ಕರೆಂಟಿಲ್ಲ, ಬಂದ್ರೂ ಬಂದು ಹೋಗಿ ಬಂದು ಹೋಗಿ ಆಡುತ್ತೆ. ಅಪ್‌ಡೇಟ್ ಡೌನ್‌ಲೋಡ್ ಆಗೋವಾಗ ಕರೆಂಟು ಹೋದ್ರೆ ಏನೂ ಆಗಲ್ಲ, ಬಂದ್ಮೇಲೆ ಬಿಟ್ಟಲ್ಲಿಂದ ಶುರು ಮಾಡ್ಕೊಳ್ಳುತ್ತೆ. ಆದ್ರೆ ಸ್ಕ್ರೀನಲ್ಲಿ ಶೇಕಡಾ ಇಷ್ಟು ಆಯ್ತು, ಆಫ್ ಮಾಡ್ಬೇಡಿ ಅಂತ ಬರುತ್ತಲ್ಲ, ಆವಾಗ ಹೋಗ್ಬಾರ್ದು. ಹೋದ್ರೂ ಹೆಚ್ಚಿನ ಸಲ ವಿಂಡೋಸ್ ತಾನೇ ಹಳೇ ಸ್ಥಿತಿಗೆ ವಾಪಸ್ ಹೋಗುತ್ತೆ, ಆದ್ರೂ ಬೂಟೇ ಆಗದಂಗೆ ಕೂತ ಎರಡು ಮೆಷಿನ್ ನಾನೇ ನೋಡಿದೀನಿ.

ಅದಕ್ಕೆ ಹಿಂಗೆ ಮಾಡಿ. ಡೆಸ್ಕ್‌ಟಾಪ್ ಆದ್ರೆ ಯುಪಿಎಸ್ ಬ್ಯಾಟರಿ ಜೀವಂತ ಇದೆಯಾ ಮೊದಲು ನೋಡಿ, ಕಂಪ್ಯೂಟರ್ ಆನ್ ಇಟ್ಟು, ಓಪನ್ ಮಾಡಿರೋದೆಲ್ಲ ಸೇವ್ ಮಾಡಿ ಯುಪಿಎಸ್‌ನ ಗೋಡೆ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷನೂ ನಿಲ್ಲಲ್ಲ ಅಂದ್ರೆ ಬ್ಯಾಟರಿ ಬದಲಾಯಿಸಿ. ಲ್ಯಾಪ್‌ಟಾಪ್ ಆದ್ರೆ ಫುಲ್ ಚಾರ್ಜ್ ಆಗ್ಲಿ, ಪ್ಲಗ್ಗಲ್ಲೇ ಇರ್ಲಿ. ಆಮೇಲೆ ವಿಂಡೋಸ್ ಕೀ ಜೊತೆ ಐ ಒತ್ತಿ, ಸೆಟ್ಟಿಂಗ್ಸ್ ಬರುತ್ತೆ, ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ. ಬಂದಿದ್ದೆಲ್ಲ ಇಳೀಲಿ. ರೀಸ್ಟಾರ್ಟ್ ಕೇಳಿದ್ರೆ ರೀಸ್ಟಾರ್ಟೇ ಕೊಡಿ, ಬರೀ ಶಟ್‌ಡೌನ್ ಮಾಡಿ ಮಲಗ್ಬೇಡಿ, ಯಾಕಂದ್ರೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ, ಶಟ್‌ಡೌನ್ ಮಾಡಿದ್ರೂ ಒಳಗೆ ಪೂರ್ತಿ ಆಫ್ ಆಗಿರಲ್ಲ, ರೀಸ್ಟಾರ್ಟಲ್ಲಿ ಮಾತ್ರ ಪೂರ್ತಿ ಹೊಸದಾಗಿ ಶುರುವಾಗೋದು. ರೀಸ್ಟಾರ್ಟ್ ಆಗಿ ಬಂದ್ಮೇಲೆ ಇನ್ನೊಂದ್ ಸಲ ಚೆಕ್ ಒತ್ತಿ, ಒಂದರ ಹಿಂದೆ ಒಂದು ಕಾಯ್ತಾ ಇರುತ್ತೆ. ಏನೂ ಇಲ್ಲ, ಯು ಆರ್ ಅಪ್ ಟು ಡೇಟ್ ಅಂತ ಬರೋ ತನಕ ಬಿಡ್ಬೇಡಿ.

ಮೊಬೈಲ್ ಹಾಟ್‌ಸ್ಪಾಟಲ್ಲಿ ನಡೆಸೋರು ವೈಫೈ ಸೆಟ್ಟಿಂಗಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿಟ್ಟಿರ್ತಾರೆ, ಡೇಟಾ ಉಳೀಲಿ ಅಂತ. ಅದು ಆನ್ ಇದ್ರೆ ಹೆಚ್ಚಿನ ಅಪ್‌ಡೇಟ್ ತಾನಾಗೇ ಇಳಿಯಲ್ಲ. ನಮ್ಮ ಪಕ್ಕದ ತೋಟದಲ್ಲಿ ಒಂದೂವರೆ ವರ್ಷ ಹಂಗೇ ಇತ್ತು, ಅವರಿಗೆ ಅಪ್‌ಡೇಟ್ ಆಗ್ತಿದೆ ಅಂತಲೇ ನಂಬಿಕೆ. ತಿಂಗಳಿಗೊಂದ್ ಸಲ ಪೇಟೆಗೆ ಬಂದಾಗ ನೆಂಟರ ಮನೆ ಫೈಬರ್‌ಗೆ ಹಾಕ್ಕೊಂಡು ಮುಗಿಸ್ಕೊಂಡು ಹೋಗಿ, ಅದರಲ್ಲಿ ಸಂಕೋಚ ಏನೂ ಬೇಡ.

ದಿನ ಯಾವುದು ಅಂದ್ರೆ, ಮೈಕ್ರೋಸಾಫ್ಟ್ ಪ್ರತಿ ತಿಂಗಳು ಎರಡನೇ ಮಂಗಳವಾರ ಸೆಕ್ಯುರಿಟಿ ಅಪ್‌ಡೇಟ್ ಬಿಡುತ್ತೆ, ಅಮೆರಿಕದಲ್ಲಿ ಬೆಳಿಗ್ಗೆ ಅಂದ್ರೆ ನಮಗೆ ರಾತ್ರಿ ಹತ್ತೂವರೆ ಮೇಲಾಗುತ್ತೆ. ಹಂಗಾಗಿ ಮಾರನೇ ದಿನ ಬುಧವಾರ ಬೆಳಿಗ್ಗೆ ನೋಡಿದ್ರೆ ಬಂದಿರುತ್ತೆ. ಒಂದೊಂದ್ ಸಲ ಅಪ್‌ಡೇಟಿಂದಲೇ ಪ್ರಿಂಟರ್ ಕೆಟ್ಟಂಗೆ ಆಗೋದು ಉಂಟು, ನಿಜ. ಭಯ ಇದ್ರೆ ಒಂದು ವಾರ ತಡೆದಿಡಿ (ಪಾಸ್ ಅಪ್‌ಡೇಟ್ಸ್, Pause), ಒಂದು ವಾರ ಅಷ್ಟೇ, ಆಮೇಲೆ ಹಾಕ್ಲೇಬೇಕು.

ಜಾಗ ಸಾಲದೆ ಫೇಲ್ ಆಗ್ತಿದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್‌ಗೆ ಹೋಗಿ ಕ್ಲೀನ್ ಮಾಡಿ. ಆ ಪಟ್ಟೀಲಿ ಡೌನ್‌ಲೋಡ್ಸ್ ಅಂತಲೂ ಒಂದು ಸಾಲು ಇರುತ್ತೆ, ಅದಕ್ಕೆ ಟಿಕ್ ಹಾಕ್ಬೇಡಿ, ನಿಮ್ಮ ಡೌನ್‌ಲೋಡ್ ಫೋಲ್ಡರ್ ಪೂರ್ತಿ ಖಾಲಿ ಆಗುತ್ತೆ, ಆಧಾರ್, ಪಹಣಿ ಎಲ್ಲ ಅಲ್ಲೇ ಇಟ್ಕೊಂಡಿರ್ತೀವಿ ನಾವು.

ವಿಂಡೋಸ್ ಒಂದಾದ್ರೆ ಸಾಲದು

ಕ್ರೋಮಲ್ಲಿ ಮೇಲೆ ಬಲಗಡೆ ಮೂರು ಚುಕ್ಕೆ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್. ಆ ಪುಟ ತೆಗೆದ್ರೆ ಸಾಕು ತಾನೇ ಅಪ್‌ಡೇಟ್ ಆಗುತ್ತೆ, ಆದ್ರೆ ರೀಲಾಂಚ್ ಒತ್ತೋ ತನಕ ಹಳೇದೇ ಓಡ್ತಿರುತ್ತೆ. ನಲವತ್ತು ಟ್ಯಾಬ್ ತೆಗೆದಿಟ್ಟು ವಾರಗಟ್ಟಲೆ ಸ್ಲೀಪಲ್ಲಿ ಇಡೋರು ಇದನ್ನ ಗಮನಿಸಿ. ಎಡ್ಜ್, ಫೈರ್‌ಫಾಕ್ಸಿಗೂ ಹಿಂಗೇ.

ಜಿಪ್, ರಾರ್ ಫೈಲ್ ಬಿಚ್ಚೋ ವಿನ್‌ರಾರ್ ಬಗ್ಗೆ ಒಂಚೂರು ಜಾಸ್ತಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಅದಿಲ್ಲದ ಕಂಪ್ಯೂಟರೇ ಇಲ್ಲ, ಮತ್ತೆ ಅದು ತಾನಾಗೇ ಅಪ್‌ಡೇಟ್ ಆಗಲ್ಲ. 2023ರಲ್ಲಿ ಒಂದ್ಸಲ, 2025ರಲ್ಲಿ ಇನ್ನೊಂದ್ಸಲ ಅದರಲ್ಲಿ ದೊಡ್ಡ ತೂತು ಸಿಕ್ಕಿ ಕಳ್ಳರು ಬಳಸಿದಾರೆ, ಎರಡನೇದಕ್ಕೆ 7.13 ವರ್ಷನಲ್ಲಿ ತೇಪೆ ಬಂತು. ನಿಮ್ಮದರಲ್ಲಿ ಹೆಲ್ಪ್, ಅಬೌಟ್ ನೋಡಿ, 7.13ಕ್ಕಿಂತ ಹಳೇ ನಂಬರ್ ಇದ್ರೆ ಇವತ್ತೇ ತೆಗೆದುಹಾಕಿ. ಹೊಸ ವಿಂಡೋಸ್ 11ರಲ್ಲಿ ರಾರ್ ಫೈಲ್ ಅದೇ ಓಪನ್ ಮಾಡುತ್ತೆ, ಬೇರೆ ಬೇಕಾಗಿಲ್ಲ.

ಉಳಿದವನ್ನೆಲ್ಲ ಒಟ್ಟಿಗೆ ಮಾಡೋಕೆ ಒಂದು ದಾರಿ ಇದೆ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ತೆಗೀರಿ, ಇಂಗ್ಲಿಷಲ್ಲಿ ವಿನ್‌ಗೆಟ್, ಸ್ಪೇಸ್, ಅಪ್‌ಗ್ರೇಡ್, ಸ್ಪೇಸ್, ಎರಡು ಡ್ಯಾಶ್ ಹಾಕಿ ಅಂಟಿಸಿ ಆಲ್ ಅಂತ (winget upgrade --all) ಬರೆದು ಎಂಟರ್ ಹೊಡೆದ್ರೆ ಅದಕ್ಕೆ ಗೊತ್ತಿರೋ ಸಾಫ್ಟ್‌ವೇರೆಲ್ಲ ಸಾಲಾಗಿ ಅಪ್‌ಡೇಟ್ ಆಗುತ್ತೆ. ಮೊದಲ ಸಲ ಒಪ್ಪಿಗೆ ಕೇಳಿದ್ರೆ ವೈ ಒತ್ತಿ.

ಆಮೇಲೆ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿ ತೆಗೆದು ಒಂದ್ ವರ್ಷದಿಂದ ಮುಟ್ಟದೇ ಇರೋದನ್ನ ತೆಗೆದುಹಾಕಿ. ಫ್ಲ್ಯಾಶ್ ಪ್ಲೇಯರ್ ಇನ್ನೂ ಕೆಲವು ಕಡೆ ಕಾಣುತ್ತೆ, ಅದು 2020ರ ಡಿಸೆಂಬರ್ 31ಕ್ಕೇ ಮುಗಿದಿದೆ. ಇಲ್ಲದ ಸಾಫ್ಟ್‌ವೇರಲ್ಲಿ ತೂತೂ ಇರಲ್ಲ.

ಕ್ರ್ಯಾಕ್ ಮತ್ತೆ ಆಕ್ಟಿವೇಟರ್ ಬಗ್ಗೆ ಬಿಡಿಸಿ ಹೇಳ್ಬೇಕು. ನಮ್ಮ ಕಡೆ ಅಸೆಂಬಲ್ ಮಾಡಿದ ಕಂಪ್ಯೂಟರ್ ತಂದ್ರೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ಹಾಕಿ "ಎಲ್ಲಾ ಇದೆ ಸಾರ್" ಅಂತ ಕೊಡ್ತಾರೆ. ಅದನ್ನ ಆಕ್ಟಿವೇಟ್ ಮಾಡೋಕೆ ಹಾಕಿರೋ ಸಣ್ಣ ಪ್ರೋಗ್ರಾಂ ಆಡಳಿತದ ಪೂರ್ತಿ ಅಧಿಕಾರ ತಗೊಂಡು ಓಡಿರುತ್ತೆ, ಆಂಟಿವೈರಸ್‌ಗೆ ಕಣ್ಣು ಮುಚ್ಕೋ ಅಂತ ಹೇಳಿರುತ್ತೆ. ಚಿಕ್ಕಪ್ಪನ ಕಂಪ್ಯೂಟರಿಗೆ ಬಂದಿದ್ದು ಈ ದಾರೀಲೇ. ದುಡ್ಡು ಕೊಡೋಕಾಗಲ್ಲ ಅಂದ್ರೆ ಆಫೀಸ್ ಬದಲು ಲಿಬ್ರೆಆಫೀಸ್, ಫೋಟೋಶಾಪ್ ಬದಲು ಗಿಂಪ್ ಫ್ರೀ ಇವೆ. ಕನ್ನಡ ಟೈಪ್ ಮಾಡೋಕೆ ಅಂತ ಸಿಕ್ಕ ಸಿಕ್ಕ ಸೈಟಿಂದ ನುಡಿ ಇಳಿಸೋರಿದಾರೆ, ನುಡಿ ಉಚಿತವಾಗೇ ಸಿಗುತ್ತೆ, ಅದರ ಮೂಲ ಜಾಗದಿಂದಲೇ ತಗೊಳ್ಳಿ. ಬರೀ ಯೂನಿಕೋಡ್ ಸಾಕು ಅಂದ್ರೆ ಏನೂ ಇಳಿಸೋದೇ ಬೇಡ, ವಿಂಡೋಸ್ ಒಳಗೇ ಲ್ಯಾಂಗ್ವೇಜ್ ಸೆಟ್ಟಿಂಗಲ್ಲಿ ಕನ್ನಡ ಸೇರಿಸಿದ್ರೆ ಕೀಬೋರ್ಡ್ ಬರುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರೋ ಫೊನೆಟಿಕ್ ಕೂಡ ಇದೆ.

ಆಂಟಿವೈರಸ್

ವಿಂಡೋಸ್ ಜೊತೆ ಬರೋ ಡಿಫೆಂಡರ್ ಮನೆಗೆ ಸಾಕು, ನನ್ನ ಅಭಿಪ್ರಾಯ ಅಷ್ಟೇ ಅಲ್ಲ, ನಾನು ನೋಡ್ಕೊಳ್ಳೋ ಎಲ್ಲ ಮೆಷಿನಲ್ಲೂ ಇರೋದು ಅದೇ. ಹೊಸ ಲ್ಯಾಪ್‌ಟಾಪ್ ಜೊತೆ ಟ್ರಯಲ್ ಆಂಟಿವೈರಸ್ ಬಂದಿರುತ್ತೆ, ಅವಧಿ ಮುಗಿದು ದಿನಾ ದುಡ್ಡು ಕೇಳ್ತಾ ಕೂತಿರುತ್ತೆ, ಅದನ್ನ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದ್ರೆ ಡಿಫೆಂಡರ್ ತಾನೇ ಆನ್ ಆಗುತ್ತೆ. ಎರಡೆರಡು ಹಾಕ್ಬೇಡಿ, ಒಂದಕ್ಕೊಂದು ಜಗಳ ಆಡಿ ಮೆಷಿನ್ ಸ್ಲೋ ಆಗುತ್ತೆ.

ಸ್ಟಾರ್ಟಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ ತೆಗೀರಿ. ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್. ರಿಯಲ್ ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರ್ಬೇಕು. ಅದೇ ಪುಟದ ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತಿದೆ, ಅದರಲ್ಲಿ ನೀವು ಹಾಕದೇ ಇರೋ ಫೋಲ್ಡರ್ ಹೆಸರು ಕಂಡ್ರೆ ಯಾವುದೋ ಆಕ್ಟಿವೇಟರ್ ಮಾಡಿದ ಕೆಲಸ, ತೆಗೆದುಹಾಕಿ. ಇದನ್ನ ಯಾರೂ ನೋಡಲ್ಲ, ನಾನು ಮೊದಲು ನೋಡೋದೇ ಇದನ್ನ. ಸಿ ಡ್ರೈವ್ ಪೂರ್ತಿ ಎಕ್ಸ್‌ಕ್ಲೂಷನಲ್ಲಿ ಇದ್ದಿದ್ದನ್ನೂ ಕಂಡಿದೀನಿ, ಅಂದ್ರೆ ಕಾವಲುಗಾರ ಗೇಟಲ್ಲಿ ಇದಾನೆ ಆದ್ರೆ ಮನೆ ಕಡೆ ನೋಡ್ಲೇಬಾರ್ದು ಅಂತ ಹೇಳಿಟ್ಟಂಗೆ.

ಹಿಂದೆ ಬಂದ್ರೆ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಕಾಣುತ್ತೆ, ಅದರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ. ಗುರುತಿಲ್ಲದ ಪ್ರೋಗ್ರಾಂ ಯಾವುದೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಒಳಗೆ ಬರೆಯೋಕೆ ಬಿಡಲ್ಲ. ಮೊದಲ ವಾರ ಕೆಲವು ಒಳ್ಳೇ ಸಾಫ್ಟ್‌ವೇರನ್ನೂ ತಡೀಬಹುದು, ಆಗ ಅಲೌ ಎನ್ ಆಪ್ ಅನ್ನೋದನ್ನ ಒತ್ತಿ ಅದನ್ನ ಒಳಗೆ ಬಿಡಿ, ಬೇಜಾರಾಗಿ ಪೂರ್ತಿ ಆಫ್ ಮಾಡ್ಬೇಡಿ.

ದಿನದ ಕೆಲಸಕ್ಕೆ ಬೇರೆ ಅಕೌಂಟ್ ಮಾಡ್ಕೊಳ್ಳಿ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸಲ್ಲಿ ಹೊಸದೊಂದು ಸೇರಿಸಿ ಸ್ಟ್ಯಾಂಡರ್ಡ್ ಯೂಸರ್ ಅಂತ ಇಡಿ, ಮಕ್ಕಳಿಗೆ, ಆಫೀಸಿನವರಿಗೆ ಅದನ್ನೇ ಕೊಡಿ. ಏನಾದ್ರೂ ಇನ್‌ಸ್ಟಾಲ್ ಮಾಡ್ಬೇಕಾದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ, ಆಗ ಅವರು ನಿಮ್ಮನ್ನ ಕೇಳ್ತಾರೆ. ಚಿಕ್ಕಪ್ಪನ ಆಫೀಸಲ್ಲಿ ಇದೊಂದು ಇದ್ದಿದ್ರೆ ಅವತ್ತು ರೈಟ್ರು ಆಂಟಿವೈರಸ್ ಆಫ್ ಮಾಡೋಕೇ ಆಗ್ತಿರ್ಲಿಲ್ಲ.

ಬ್ಯಾಕಪ್, ಚುಚ್ಚಿ ಇಡೋದಲ್ಲ, ಕಿತ್ತು ಇಡೋದು

ಇದನ್ನ ಓದೋವಾಗ ದಯವಿಟ್ಟು ನಿಧಾನ ಮಾಡಿ. ಮೇಲಿನದೆಲ್ಲ ಮಾಡಿದ್ರೂ ಒಂದಿನ ಏನೋ ಆಗ್ಬಹುದು, ಆವಾಗ ಉಳಿಸೋದು ಇದೊಂದೇ.

ಮೂರು ಪ್ರತಿ ಇರ್ಲಿ, ಎರಡು ಥರದ ಜಾಗದಲ್ಲಿ ಇರ್ಲಿ, ಒಂದು ಮನೆಯಿಂದ ಹೊರಗೆ ಇರ್ಲಿ. ಕಂಪ್ಯೂಟರಲ್ಲಿರೋದು ಒಂದು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಲ್ಲಿ ಇನ್ನೊಂದು, 1 ಟಿಬಿ ಒಂದು ಮನೆಗೆ ಧಾರಾಳ. ಮೂರನೇದು ಗೂಗಲ್ ಡ್ರೈವಲ್ಲೋ, ಊರಲ್ಲಿರೋ ಮಗಳ ಮನೇಲಿಟ್ಟ ಪೆನ್‌ಡ್ರೈವಲ್ಲೋ. ಗೂಗಲ್ ಡ್ರೈವ್ 15 ಜಿಬಿ ಫ್ರೀ, ಫೋಟೋ ಹಿಡಿಸಲ್ಲ ಆದ್ರೆ ಲೆಕ್ಕಪತ್ರ, ಸ್ಕ್ಯಾನ್ ಮಾಡಿದ ದಾಖಲೆಗೆ ಸಾಕಾಗುತ್ತೆ. ಸಿಂಕ್ ಆಗೋ ಫೋಲ್ಡರೊಂದನ್ನೇ ನಂಬ್ಕೋಬೇಡಿ, ಇಲ್ಲಿ ಫೈಲ್ ಹಾಳಾದ್ರೆ ಹಾಳಾದ ಫೈಲೇ ಮೇಲಕ್ಕೆ ಹೋಗಿ ಕೂರುತ್ತೆ.

ಡಿಸ್ಕ್ ಚುಚ್ಚಿ, ದಿನಾಂಕದ ಹೆಸರಲ್ಲಿ ಹೊಸ ಫೋಲ್ಡರ್ ಮಾಡಿ, ಅದಕ್ಕೆ ಕಾಪಿ ಮಾಡಿ, ಕಾಪಿ ಮುಗಿದ್ಮೇಲೆ ಒಂದೆರಡು ಫೈಲ್ ಡಿಸ್ಕಿಂದಲೇ ಓಪನ್ ಮಾಡಿ ನೋಡಿ. ಹಳೇ ಫೋಲ್ಡರ್ ಮೇಲೆ ಹೊಸದನ್ನ ಬರೀಬೇಡಿ, ಕೊನೇ ಮೂರು ತಿಂಗಳದ್ದು ಬೇರೆ ಬೇರೆ ಇರ್ಲಿ. ಆಮೇಲೆ ಸೇಫ್ಲಿ ರಿಮೂವ್ ಕೊಟ್ಟು ಕಿತ್ತು ಒಳಗಿಡಿ. ಕಿತ್ತಿಟ್ಟರೆ ಕಳ್ಳನ ಕೈಗೂ ಸಿಗಲ್ಲ, ಸಿಡಿಲಿಗೂ ಸಿಗಲ್ಲ. ಏಪ್ರಿಲಲ್ಲಿ ಗುಡುಗು ಶುರುವಾದ್ರೆ ಫೋನ್ ಲೈನ್ ಹಿಡ್ಕೊಂಡು ಮೋಡೆಮ್‌ಗೆ ಬಂದು, ಅಲ್ಲಿಂದ ಕಂಪ್ಯೂಟರಿಗೂ ಹೊಡೆಯುತ್ತಲ್ಲ, ನಮ್ಮ ಕಡೆ ಅದೂ ಒಂದು ಕಾಟ. ಚಿಕ್ಕಪ್ಪ ಈಗ ಡಿಸ್ಕನ್ನ ಒಂದು ಸ್ಟೀಲ್ ಡಬ್ಬೀಲಿ, ಶೂ ಡಬ್ಬದ ಜೊತೆ ಬರೋ ತೇವ ಹೀರೋ ಸಿಲಿಕಾ ಪೊಟ್ಟಣ ಹಾಕಿ ಬೀರುವಿನಲ್ಲಿ ಜಮೀನು ಪತ್ರದ ಪಕ್ಕ ಇಡ್ತಾರೆ. ಮಳೆಗಾಲದಲ್ಲಿ ಬೀರು ಒಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಡಿಸ್ಕ್ ಬಿಡುತ್ತಾ.

ಮಳೆ ಲೆಕ್ಕ ಮಾತ್ರ ಆಮೇಲೆ ಸಿಕ್ತು, ಯಾಕಂದ್ರೆ ಎಕ್ಸೆಲಲ್ಲಿ ಹಾಕೋಕೆ ಮುಂಚೆ ಅವರು ಮಳೆ ಮಾಪಕದ ಪಕ್ಕ ನೇತಾಕಿದ ಪುಸ್ತಕದಲ್ಲಿ ಪೆನ್ಸಿಲಲ್ಲಿ ಬರೀತಿದ್ರು. ಚಿಕ್ಕಮ್ಮ ಮತ್ತೆ ನಾನು ಕೂತು ಮೂರು ಭಾನುವಾರ ಟೈಪ್ ಮಾಡಿದ್ವಿ. ಮದುವೆ ಫೋಟೋಗೆ ಪುಸ್ತಕ ಇರ್ಲಿಲ್ಲ.

ಲ್ಯಾಪ್‌ಟಾಪ್ ಸರ್ವಿಸಿಗೆ ಕೊಡೋ ಮುಂಚೆ ಇನ್ನೊಂದು. ಹೊಸ ವಿಂಡೋಸ್ 11ರಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರ್ಬಹುದು, ಅಂದ್ರೆ ಕೀ ಇಲ್ಲದೆ ಓದೋಕಾಗದಂಗೆ ಬೀಗ ಬಿದ್ದಿರ್ಬಹುದು, ರಿಪೇರಿ ಆದ್ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಒಳಗೆ ಇರುತ್ತೆ, ಮೊದಲೇ ತೆಗೆದು ಕಾಗದದಲ್ಲಿ ಬರೆದಿಡಿ. ಕೀ ಇಲ್ಲದೆ ಆ ಡಿಸ್ಕ್ ಯಾರ ಕೈಲೂ ತೆಗೆಯೋಕಾಗಲ್ಲ.

ಪಾಸ್‌ವರ್ಡ್ ಮತ್ತೆ ಟವರ್ ಇಲ್ಲದ ಜಾಗದ ಓಟಿಪಿ

ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟಿದ್ರೆ ಒಂದು ಕಡೆ ಸೋರಿದ್ರೆ ಎಲ್ಲ ಕಡೆ ಸೋರಿದಂಗೆ. ಪಾಸ್‌ವರ್ಡೆಲ್ಲ ಜೋಪಾನವಾಗಿಡೋ ಬಿಟ್‌ವಾರ್ಡನ್ ಅನ್ನೋ ಆಪ್ ಫ್ರೀ ಇದೆ, ಒಂದು ಉದ್ದನೆ ಪಾಸ್‌ವರ್ಡ್ ನೆನಪಿಟ್ಕೊಂಡ್ರೆ ಉಳಿದಿದ್ದನ್ನ ಅದು ನೋಡ್ಕೊಳ್ಳುತ್ತೆ. ಆಗಲ್ಲ ಅನ್ನೋ ಹಿರಿಯರಿಗೆ ನಾನು ಒಂದು ನೋಟ್‌ಬುಕ್ಕಲ್ಲಿ ಬರೆದು ಬೀರುವಿನಲ್ಲಿಡಿ ಅಂತೀನಿ, ಅದೇನೂ ತಪ್ಪಲ್ಲ, ಮಾನಿಟರ್‌ಗೆ ಚೀಟಿ ಅಂಟಿಸೋದು ತಪ್ಪು.

ಜಿಮೇಲ್‌ಗೆ ಟೂ ಸ್ಟೆಪ್ ವೆರಿಫಿಕೇಶನ್ ಇವತ್ತೇ ಹಾಕಿ, ಬೇರೆಲ್ಲದರ ಪಾಸ್‌ವರ್ಡ್ ಬದಲಾಯಿಸೋ ಬೀಗದ ಕೈ ಅದೇ. ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆಪ್ ಇಟ್ಕೊಳ್ಳಿ, ಕಳಸದ ಕಡೆ, ಮೂಡಿಗೆರೆ ಒಳಗಡೆ ಗದ್ದೆ ಬಯಲಿಗೆ ಇಳಿದ್ರೆ ಸಿಗ್ನಲ್ಲೇ ಇರಲ್ಲ, ಎಸ್‌ಎಂಎಸ್ ಬರೋದ್ರೊಳಗೆ ಟೈಮ್ ಮುಗಿದಿರುತ್ತೆ, ಆಪ್ ಆದ್ರೆ ನೆಟ್‌ವರ್ಕ್ ಇಲ್ಲದೇನೂ ಆರಂಕಿ ತೋರಿಸುತ್ತೆ. ಫೋನ್ ಕಳೆದ್ರೆ ಅಂತ ಬ್ಯಾಕಪ್ ಕೋಡ್ ಕೊಡ್ತಾರೆ, ಪ್ರಿಂಟ್ ತೆಗೆದು ಅದೇ ಡಬ್ಬೀಲಿಡಿ.

ವೈಫೈ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬಂದಂಗೇ ಬಿಟ್ಟಿದ್ರೆ ಬದಲಾಯಿಸಿ, ಪಾಸ್‌ವರ್ಡ್ ಹೊಡೆಯದೇ ವೈಫೈ ಜೋಡಿಸೋ ಡಬ್ಲ್ಯುಪಿಎಸ್ ಆಫ್ ಮಾಡಿ, ಸೆಕ್ಯುರಿಟಿ ಡಬ್ಲ್ಯುಪಿಎ2 ಅಥವಾ 3 ಇರ್ಲಿ. ಹೋಂಸ್ಟೇ ನಡೆಸೋರು ಗೆಸ್ಟಿಗೆ ಗೆಸ್ಟ್ ನೆಟ್‌ವರ್ಕೇ ಕೊಡಿ, ಆಫೀಸ್ ಕಂಪ್ಯೂಟರ್ ಇರೋ ವೈಫೈ ಕೊಡ್ಬೇಡಿ.

ಮನುಷ್ಯರನ್ನ ಹಿಡಿಯೋ ಬಲೆಗಳು

ಈಗ ಹೆಚ್ಚಿಗೆ ನಡೀತಿರೋದು ಇದು: ಯಾವುದೋ ಸೈಟ್ ತೆಗೆದ್ರೆ ನೀವು ರೋಬೋಟ್ ಅಲ್ಲ ಅಂತ ತೋರಿಸಿ ಅಂತ ಬರುತ್ತೆ, ಟಿಕ್ ಹಾಕಿದ್ರೆ, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ ಒತ್ತಿ, ಆಮೇಲೆ ಎಂಟರ್ ಅಂತ ಹೇಳುತ್ತೆ. ನೀವು ಟಿಕ್ ಹಾಕಿದಾಗಲೇ ಅದು ಒಂದು ಕಮಾಂಡ್ ಕಾಪಿ ಮಾಡಿಟ್ಟಿರುತ್ತೆ, ಕಂಟ್ರೋಲ್ ವಿ ಅಂದ್ರೆ ಅದನ್ನ ರನ್ ಡಬ್ಬಿಗೆ ಹಾಕೋದು, ಎಂಟರ್ ಅಂದ್ರೆ ಕಳ್ಳನಿಗೆ ನೀವೇ ಬಾಗಿಲು ತೆಗೆಯೋದು. ನಿಜವಾದ ಯಾವ ಸೈಟೂ ವಿಂಡೋಸ್ ಕೀ ಒತ್ತಿ ಅಂತ ಕೇಳಲ್ಲ.

ಸ್ಕ್ರೀನ್ ತುಂಬ ಕೆಂಪಗಾಗಿ, ಸದ್ದು ಮಾಡ್ತಾ, ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ ಈ ನಂಬರಿಗೆ ಫೋನ್ ಮಾಡಿ ಅಂತ ಬಂದ್ರೆ ಅದು ಬರೀ ಒಂದು ವೆಬ್ ಪೇಜು. ಮೈಕ್ರೋಸಾಫ್ಟಿನ ಎರರ್ ಮೆಸೇಜಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ, ಬ್ರೌಸರ್ ಆರಿಸಿ ಎಂಡ್ ಟಾಸ್ಕ್ ಕೊಡಿ. ಫೋನ್ ಮಾಡಿದವರು ನಿಮ್ಮ ಕಂಪ್ಯೂಟರನ್ನ ದೂರದಿಂದ ನಡೆಸೋ ಎನಿಡೆಸ್ಕ್, ಟೀಮ್‌ವ್ಯೂವರ್, ಕ್ವಿಕ್ ಅಸಿಸ್ಟ್ ಹಾಕಿ ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದ್ರೆ ಒಳಗಿನ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿರುತ್ತೆ, ಐಕಾನ್ ಮೂಲೇಲಿ ಸಣ್ಣ ಬಾಣದ ಗುರುತು ಕಾಣುತ್ತೆ. ಅದನ್ನ ಡಬಲ್ ಕ್ಲಿಕ್ ಮಾಡ್ಬೇಡಿ. ನಿಮ್ಮ ಫೈಲ್ ಹೋಗಿಲ್ಲ, ಮುಚ್ಚಿಟ್ಟಿರುತ್ತೆ, ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ವ್ಯೂ, ಶೋ, ಹಿಡನ್ ಐಟಮ್ಸ್ ಆನ್ ಮಾಡಿದ್ರೆ ಕಾಣ್ಬಹುದು. ಅದೇ ಜಾಗದಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಕೂಡ ಆನ್ ಮಾಡಿಬಿಡಿ, ಬಿಲ್ ಡಾಟ್ ಪಿಡಿಎಫ್ ಅಂತ ಕಾಣ್ತಿದ್ದ ಫೈಲಿನ ಬಾಲದಲ್ಲಿ ಡಾಟ್ ಇಎಕ್ಸ್‌ಇ ಇದ್ರೆ ಆಗ ಕಣ್ಣಿಗೆ ಬೀಳುತ್ತೆ. ಪ್ರಿಂಟಿಗೆ ಅಂತಲೇ ಬೇರೆ ಪೆನ್‌ಡ್ರೈವ್ ಇಟ್ಕೊಳ್ಳೋದು ಇನ್ನೂ ಒಳ್ಳೇದು.

ಆಗಬಾರದ್ದು ಆಗಿಹೋದ್ರೆ

ಮೊದಲು ನೆಟ್ ಕೀಳಿ, ವೈಫೈ ಆಫ್. ಚುಚ್ಚಿರೋ ಡಿಸ್ಕ್ ಏನಿದ್ರೂ ತೆಗೀರಿ. ಫೈಲ್ ಹೆಸರು ಕಣ್ಣೆದುರೇ ಬದಲಾಗ್ತಾ ಇದ್ರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಉಳಿದಿದ್ದಾದ್ರೂ ಉಳಿಯುತ್ತೆ. ದುಡ್ಡು ಕಟ್ಬೇಡಿ, ಕಟ್ಟಿದ್ರೂ ಫೈಲ್ ವಾಪಸ್ ಬರುತ್ತೆ ಅಂತ ಯಾವ ಖಾತ್ರಿಯೂ ಇಲ್ಲ. ಬೇರೆ ಕಂಪ್ಯೂಟರಿಂದ ನೋ ಮೋರ್ ರ‍್ಯಾನ್ಸಮ್ ಅನ್ನೋ ಸೈಟ್ ನೋಡಿ, 2016ರಲ್ಲಿ ಯುರೋಪೋಲ್ ಮತ್ತೆ ನೆದರ್ಲೆಂಡ್ಸ್ ಪೊಲೀಸರು ಸೆಕ್ಯುರಿಟಿ ಕಂಪನಿಗಳ ಜೊತೆ ಸೇರಿ ಶುರು ಮಾಡಿದ್ದು, ಕೆಲವಕ್ಕೆ ಬೀಗ ತೆಗೆಯೋ ಟೂಲ್ ಫ್ರೀಯಾಗಿ ಸಿಗುತ್ತೆ. ನಮಗೆ ಬಂದಿದ್ದಕ್ಕೆ ಸಿಗ್ಲಿಲ್ಲ, ಆದ್ರೂ ಲಾಕ್ ಆದ ಫೈಲ್ ಅಳಿಸ್ಬೇಡಿ, ಮುಂದೆ ಸಿಗ್ಬಹುದು, ನಾವು ಮದುವೆ ಫೋಟೋ ಹಂಗೇ ಒಂದು ಡಿಸ್ಕಲ್ಲಿ ಇಟ್ಟಿದೀವಿ.

ವೈರಸ್ ಅನುಮಾನ ಅಷ್ಟೇ ಇದ್ರೆ ವಿಂಡೋಸ್ ಸೆಕ್ಯುರಿಟಿ, ಸ್ಕ್ಯಾನ್ ಆಪ್ಶನ್ಸಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ, ರೀಸ್ಟಾರ್ಟ್ ಆಗಿ ಸುಮಾರು ಹದಿನೈದು ನಿಮಿಷ ತಗೊಳ್ಳುತ್ತೆ, ವಿಂಡೋಸ್ ಶುರುವಾಗೋ ಮುಂಚೆಯೇ ಹುಡುಕೋದ್ರಿಂದ ಅಡಗಿ ಕೂತಿದ್ದೂ ಸಿಗುತ್ತೆ. ಪಾಸ್‌ವರ್ಡ್ ಬದಲಾಯಿಸೋದು ಆ ಕಂಪ್ಯೂಟರಿಂದಲ್ಲ, ಫೋನಿಂದ, ಮೊದಲು ಜಿಮೇಲ್, ಆಮೇಲೆ ಬ್ಯಾಂಕು.

ಅಕೌಂಟಿಂದ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಮಾಡಿ. ನೆಂಟರನ್ನ ಕೇಳ್ಕೊಂಡು ನಾಳೆ ನೋಡೋಣ ಅಂತ ಬಿಡ್ಬೇಡಿ, ದುಡ್ಡು ಇನ್ನೊಂದು ಅಕೌಂಟಿಗೆ ದಾಟೋ ಮುಂಚೆ ತಡೆ ಹಾಕಿದ್ರೆ ಮಾತ್ರ ಉಳಿಯೋದು. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ಸೈಟಲ್ಲಿ ದೂರು ಹಾಕಿ, ಜಿಲ್ಲಾ ಕೇಂದ್ರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗ್ಬಹುದು. ಹೋಗೋವಾಗ ಬ್ಯಾಂಕ್ ಸ್ಟೇಟ್‌ಮೆಂಟ್, ಬಂದ ಮೆಸೇಜಿನ ಸ್ಕ್ರೀನ್‌ಶಾಟ್, ಫೋನ್ ಬಂದ ನಂಬರ್ ಮತ್ತೆ ಟೈಮು, ದೂರು ಹಾಕಿದಾಗ ಸಿಕ್ಕ ನಂಬರ್ ಇಷ್ಟನ್ನ ಪ್ರಿಂಟ್ ತಗೊಂಡು ಹೋಗಿ, ಮತ್ತೆ ಆ ಕಂಪ್ಯೂಟರನ್ನ ಅವರು ನೋಡೋ ತನಕ ಫಾರ್ಮ್ಯಾಟ್ ಮಾಡಿಸ್ಬೇಡಿ.